ಎಂಜಿಬಿಯ ಜೋಡಿ ಎಸ್‌ಯು ಕಾರ್ಬುರೇಟರಿಗೆ ರಿಪೇರಿ ಕಿಟ್: ಏನು ಸರಿಹೋಗುತ್ತದೆ, ಏನು ಹೋಗುವುದಿಲ್ಲ

1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದ ಎಂಜಿಬಿ, ಬಿಡಿಭಾಗಗಳ ಮಟ್ಟಿಗೆ ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲೇ ಪುಣ್ಯವಂತ ಕಾರು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ರಸ್ತೆಗೆ ಬಂದದ್ದರಿಂದ ಬಿಡಿಭಾಗ ಮಾಡುವವರಿಗೆ ಇಂದಿಗೂ ಗಿರಾಕಿಗಳ ಕೊರತೆಯಿಲ್ಲ. 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಮೂಲ ಅಚ್ಚುಗಳನ್ನೇ ಹುಡುಕಿ ತಂದು ಪೂರ್ತಿ ಬಾಡಿಶೆಲ್ ತಯಾರಿಸತೊಡಗಿತು; 1993ರಲ್ಲಿ ತಯಾರಿಕೆ ಆರಂಭವಾದ ಎಂಜಿ ಆರ್‌ವಿ8 ಹುಟ್ಟಿದ್ದೂ ಆ ಶೆಲ್ಲಿನ ಆಧಾರದ ಮೇಲೆಯೇ. ಹೀಗೆ ಬಾಡಿಯೇ ಹೊಸದಾಗಿ ಸಿಗುವ ಕಾರಿಗೆ, ಎಂಜಿನ್ನಿಗೆ ಗಾಳಿ ಮತ್ತು ಪೆಟ್ರೋಲು ಬೆರೆಸಿ ಕೊಡುವ ಕಾರ್ಬುರೇಟರಿನ ವಾಷರ್ ಸಿಗದೆ ಇರುತ್ತದೆಯೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಸಿಗುತ್ತದೆ, ಬೇಕಾದಷ್ಟು ಸಿಗುತ್ತದೆ. ತೊಂದರೆ ಇರುವುದು ಸಿಗುವ ಮಾಲೆಲ್ಲವೂ ಒಂದೇ ದರ್ಜೆಯದಲ್ಲ ಎನ್ನುವುದರಲ್ಲಿ ಮತ್ತು ಕಿಟ್ ಎಂಬ ಒಂದೇ ಹೆಸರಿನಡಿಯಲ್ಲಿ ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತಿರುವುದರಲ್ಲಿ.

ಈ ವಿಮರ್ಶೆ ಎಂಜಿಬಿಯ ಒಂದೂವರೆ ಇಂಚಿನ, ಎಸ್‌ಯು ಬ್ರ್ಯಾಂಡಿನ ಎಚ್‌ಎಸ್4 ಮಾದರಿಯ ಜೋಡಿ ಕಾರ್ಬುರೇಟರುಗಳಿಗೆ ಸಿಗುವ ಪೂರ್ಣ ರಿಪೇರಿ ಕಿಟ್‌ಗೆ ಸಂಬಂಧಿಸಿದ್ದು. 1970ರ ದಶಕದಲ್ಲಿ ಬಂದ ಎಚ್‌ಐಎಫ್4 ಮಾದರಿಗೂ, 1975ರಿಂದ ಉತ್ತರ ಅಮೆರಿಕದ ಕಾರುಗಳಿಗೆ ಹಾಕಿದ ಒಂಟಿ ಜೆನಿತ್-ಸ್ಟ್ರಾಂಬರ್ಗ್ ಕಾರ್ಬುರೇಟರಿಗೂ ಇದು ಹೊಂದುವುದಿಲ್ಲ. ಕಾರಿನ ಹೆಸರು ಮತ್ತು ವರ್ಷ ಹೇಳಿ ಕಿಟ್ ತರಿಸುವ ಅಭ್ಯಾಸವನ್ನು ಮೊದಲು ಬಿಡಬೇಕು. ಇಷ್ಟು ವರ್ಷಗಳಲ್ಲಿ ಎಷ್ಟೋ ಕಾರುಗಳ ಕಾರ್ಬುರೇಟರ್ ಬದಲಾಗಿರುತ್ತದೆ, ಒಂದು ಕಾರಿನದು ಇನ್ನೊಂದಕ್ಕೆ ಹೋಗಿರುತ್ತದೆ. ಪೆಟ್ರೋಲು ತುಂಬಿಕೊಳ್ಳುವ ಫ್ಲೋಟ್ ಚೇಂಬರಿನ ಮುಚ್ಚಳದ ಸ್ಕ್ರೂ ಕೆಳಗೆ ಎಯುಡಿ ಎಂಬ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆಯ ಪುಟ್ಟ ತಗಡಿನ ಬಿಲ್ಲೆ ಉಳಿದಿದ್ದರೆ ಅದನ್ನೇ ನಂಬಬೇಕು. ಬಿಲ್ಲೆ ಕಳೆದುಹೋಗಿದ್ದರೆ ಕಾರ್ಬುರೇಟರಿನೊಳಗಿನ ಪಿಸ್ಟನ್ ತೆಗೆದು, ಅದಕ್ಕೆ ಸಿಕ್ಕಿಸಿರುವ ಸೂಜಿಯ ಬುಡದಲ್ಲಿ ಕೊರೆದಿರುವ ಗುರುತನ್ನು ಭೂತಗನ್ನಡಿಯಲ್ಲಿ ಓದಿ, ಸೂಜಿ ಗಟ್ಟಿಯಾಗಿ ಕೂತ ಹಳೆಯ ಬಗೆಯದೋ ಅಥವಾ 1960ರ ದಶಕದ ಕೊನೆಯಿಂದ ಬಂದ, ಸ್ಪ್ರಿಂಗ್ ಒತ್ತಡದಲ್ಲಿ ಒಂದು ಬದಿಗೆ ವಾಲಿಕೊಂಡಿರುವ ಬಗೆಯದೋ ಎಂಬುದನ್ನು ನೋಡಿಕೊಳ್ಳಬೇಕು. ಎರಡೂ ಬಗೆಗೆ ಕಿಟ್ ಬೇರೆ ಬೇರೆ.

ಕಿಟ್‌ಗೆ ಕೈಹಾಕುವ ಮುನ್ನ ಇಗ್ನಿಷನ್ ನೋಡುವುದು ಹಳೆಯ ಮೆಕ್ಯಾನಿಕ್‌ಗಳ ಪಾಠ, ಇಂದಿನ ಮಾಲು ನೋಡಿದರೆ ಅದು ಹಿಂದಿಗಿಂತಲೂ ಹೆಚ್ಚು ನಿಜ. ಪ್ಲಗ್ಗುಗಳಿಗೆ ಕರೆಂಟು ಹಂಚುವ ಭಾಗವಾದ ರೋಟರನ್ನೇ ನೋಡಿ: ಹೊಸದಾಗಿ ತಯಾರಾಗಿ ಬರುವ ಕೆಲವು ರೋಟರುಗಳಲ್ಲಿ ಹಿತ್ತಾಳೆ ಪಟ್ಟಿಯನ್ನು ಹಿಡಿದಿರುವ ರಿವೆಟ್ ಒಳಗಿನ ಶಾಫ್ಟಿಗೆ ತೀರ ಹತ್ತಿರವಿದ್ದು, ಕರೆಂಟು ಪ್ಲಗ್ಗಿಗೆ ಹೋಗುವ ಬದಲು ಅಲ್ಲೇ ಹಾರಿ ಅರ್ತ್ ಆಗುತ್ತದೆ. ಕಂಡೆನ್ಸರುಗಳ ಗುಣಮಟ್ಟವೂ ಅಷ್ಟಕ್ಕಷ್ಟೇ. ಬಿಸಿಯಾದ ಮೇಲೆ ಎಂಜಿನ್ ಕೆಮ್ಮಿ ನಿಂತರೆ ಜನ ಕಾರ್ಬುರೇಟರನ್ನೇ ಬೈಯುತ್ತಾರೆ. ಪಾಯಿಂಟ್ ಗ್ಯಾಪ್ 0.015 ಇಂಚು, ಪ್ಲಗ್ ಗ್ಯಾಪ್ 0.025 ಇಂಚು, ವಾಲ್ವ್ ಕ್ಲಿಯರೆನ್ಸ್ ತಣ್ಣಗಿರುವಾಗ 0.015 ಇಂಚು, ಇಷ್ಟನ್ನೂ, ಟೈಮಿಂಗನ್ನೂ ಸರಿಪಡಿಸಿದ ಮೇಲೂ ಐಡ್ಲಿಂಗ್, ಅಂದರೆ ಕಾರು ನಿಂತಿರುವಾಗಿನ ಎಂಜಿನ್ ಓಟ, ಏರಿಳಿಯುತ್ತಿದ್ದರೆ ಮಾತ್ರ ಕಿಟ್ ಖರೀದಿಯ ಮಾತು.

ಎಸ್‌ಯು ಕಾರ್ಬುರೇಟರಿನಲ್ಲಿ ನಿಜವಾಗಿ ಸವೆಯುವುದು ಯಾವುದು ಎಂದು ತಿಳಿದರೆ ಕಿಟ್‌ನ ಬೆಲೆ ಎಲ್ಲಿಗೆ ಹೋಗುತ್ತಿದೆ ಎಂಬುದೂ ತಿಳಿಯುತ್ತದೆ. ಇಲ್ಲಿ ಗಾಳಿಯ ದಾರಿಯ ಅಳತೆ ಸ್ಥಿರವಲ್ಲ. ಎಂಜಿನ್ ಎಳೆದಷ್ಟೂ ಮೇಲಿನ ಗಂಟೆಯಾಕಾರದ ಚೇಂಬರಿನೊಳಗೆ ಪಿಸ್ಟನ್ ಏರುತ್ತದೆ, ಅದರ ಜೊತೆ ಮೊನಚಾದ ಸೂಜಿಯೂ 0.090 ಇಂಚಿನ ಜೆಟ್‌ನಿಂದ ಮೇಲೇಳುತ್ತದೆ, ಸೂಜಿ ತೆಳುವಾದಷ್ಟೂ ಸುತ್ತ ಹೆಚ್ಚು ಪೆಟ್ರೋಲು ಹೊರಡುತ್ತದೆ. ಹತ್ತಾರು ಜೆಟ್‌ಗಳ ಕಾರ್ಬುರೇಟರಿನ ಎದುರು ಇದರ ಸರಳತೆ ಮೆಚ್ಚಬೇಕಾದದ್ದೇ. ಆದರೆ ಒಂದೇ ಜೆಟ್ ಎಲ್ಲ ಕೆಲಸವನ್ನೂ ಮಾಡುವುದರಿಂದ ಅದು ಕಿಂಚಿತ್ತು ಅಂಡಾಕಾರಕ್ಕೆ ತಿರುಗಿದರೂ ಐಡ್ಲಿಂಗಿನಿಂದ ಹಿಡಿದು ಪೂರ್ಣ ವೇಗದವರೆಗೆ ಎಲ್ಲ ಹಂತದಲ್ಲೂ ಮಿಕ್ಸ್ಚರ್, ಅಂದರೆ ಗಾಳಿ-ಪೆಟ್ರೋಲಿನ ಮಿಶ್ರಣ, ಕೆಡುತ್ತದೆ. ಇದಕ್ಕಿಂತ ಹೆಚ್ಚು ಕಾಟ ಕೊಡುವುದು ಥ್ರಾಟಲ್ ಸ್ಪಿಂಡಲ್, ಅಂದರೆ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಡಿಸ್ಕನ್ನು ತಿರುಗಿಸುವ ಕಡ್ಡಿ. ಅದು ಬಾಡಿಯ ರಂಧ್ರದಲ್ಲಿ ವರ್ಷಗಟ್ಟಲೆ ತಿರುಗಿ ಎರಡೂ ಸವೆದು, ಆ ಸಂದಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತದೆ. ಎಂಜಿನ್ ಐಡ್ಲಿಂಗಿನಲ್ಲಿರುವಾಗ ಸ್ಪಿಂಡಲಿನ ತುದಿಗಳಿಗೆ ಕಾರ್ಬುರೇಟರ್ ಕ್ಲೀನರನ್ನು ತುಸುವೇ ಚಿಮುಕಿಸಿ ನೋಡಿದರೆ, ಸಂದು ಇದ್ದಲ್ಲಿ ಎಂಜಿನ್ನಿನ ಸದ್ದು ತಟ್ಟನೆ ಬದಲಾಗುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಾದಿರುವಾಗ ಈ ಪರೀಕ್ಷೆ ಬೇಡ.

ಆ ಮ್ಯಾನಿಫೋಲ್ಡಿನ ಬಗ್ಗೆ ಇನ್ನೊಂದು ಮಾತು. ಎಂಜಿಬಿಯ ಬಿ-ಸೀರೀಸ್ ಎಂಜಿನ್ನಿನ ಇನ್ಲೆಟ್ ಮತ್ತು ಎಕ್ಸಾಸ್ಟ್ ಎರಡೂ ಒಂದೇ ಬದಿಯಲ್ಲಿವೆ, ಕಾರ್ಬುರೇಟರ್ ಕೂತಿರುವುದು ಕೆಂಡದಂತೆ ಕಾಯುವ ಕೊಳವೆಗಳ ನೇರ ಮೇಲೆ. ಆದ್ದರಿಂದ ಇಲ್ಲಿ ಪೆಟ್ರೋಲು ತೊಟ್ಟಿಕ್ಕುವುದೆಂದರೆ ಖರ್ಚಿನ ಮಾತಲ್ಲ, ಬೆಂಕಿಯ ಮಾತು. ಕಿಟ್‌ನಲ್ಲಿ ಬರುವ, ಚೇಂಬರ್ ತುಂಬಿದಾಗ ಪೆಟ್ರೋಲನ್ನು ತಡೆಯುವ ಫ್ಲೋಟ್ ಸೂಜಿ-ಸೀಟು ಮತ್ತು ರಬ್ಬರ್ ಭಾಗಗಳನ್ನು ನಾನು ಉಳಿದೆಲ್ಲಕ್ಕಿಂತ ಹೆಚ್ಚು ಅನುಮಾನದಿಂದ ನೋಡಿದ್ದು ಈ ಕಾರಣಕ್ಕೆ.

ಎಸ್‌ಯು ಹೆಸರಿನಲ್ಲೇ ಸಾಲ್ಸ್‌ಬರಿಯ ಬರ್ಲೆನ್ ಕಂಪನಿಯಿಂದ ಬರುವ ಕಿಟ್ ಒಂದನ್ನೂ, ಅದಕ್ಕಿಂತ ಬಹಳ ಅಗ್ಗಕ್ಕೆ ಸಿಕ್ಕ, ತಯಾರಕರ ಹೆಸರಿಲ್ಲದ ಕಿಟ್ ಒಂದನ್ನೂ ಮೇಜಿನ ಮೇಲೆ ಅಕ್ಕಪಕ್ಕ ಹರಡಿ ನೋಡಿದ್ದೇನೆ. ಪಟ್ಟಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ: ಸ್ಪಿಂಡಲುಗಳು, ಥ್ರಾಟಲ್ ಡಿಸ್ಕುಗಳು, ಜೆಟ್‌ಗಳು, ಸೂಜಿಗಳು, ಫ್ಲೋಟ್ ಸೂಜಿ ಮತ್ತು ಸೀಟು, ಗ್ಯಾಸ್ಕೆಟ್ಟುಗಳು, ಚಿಲ್ಲರೆ ವಾಷರ್ ಮತ್ತು ಸ್ಕ್ರೂಗಳು. ಅಂತರ ಗೊತ್ತಾಗುವುದು ಮೈಕ್ರೋಮೀಟರ್ ಹಿಡಿದಾಗ. ಎಚ್‌ಎಸ್4ರ ಸ್ಪಿಂಡಲ್ 5/16 ಇಂಚು ಇರಬೇಕು. ಹೆಸರಿಲ್ಲದ ಕಿಟ್‌ನ ಸ್ಪಿಂಡಲ್ ಅಳತೆಗಿಂತ ಸಣ್ಣದಿದ್ದು, ಕಾರಿನಿಂದ ಬಿಚ್ಚಿದ ಹಳೆಯದನ್ನು ಸವೆಯದ ನಡುಭಾಗದಲ್ಲಿ ಅಳೆದಾಗ ಹೊಸದಕ್ಕಿಂತ ಹಳೆಯದೇ ಹೆಚ್ಚು ದಪ್ಪವಾಗಿತ್ತು. ಸಂದು ಮುಚ್ಚಲೆಂದು ಕೊಂಡ ಭಾಗವೇ ಸಂದು ಹೆಚ್ಚಿಸುವುದಾದರೆ ಅದಕ್ಕೆ ಕೊಟ್ಟ ಹಣ ನೀರಿಗೆ ಹಾಕಿದಂತೆ. ಅದರ ಜೆಟ್‌ನ ನೈಲಾನ್ ಕೊಳವೆ ಕಡ್ಡಿಯಂತೆ ಬಿರುಸಾಗಿತ್ತು. ಜೆಟ್, ತಣ್ಣನೆಯ ಎಂಜಿನ್ ಚಾಲೂ ಮಾಡಲು ಎಳೆಯುವ ಚೋಕಿನೊಂದಿಗೆ ಕೆಳಗಿಳಿದು ಮತ್ತೆ ಮೇಲಕ್ಕೆ ಬರಬೇಕಾದ ಭಾಗ. ಕೊಳವೆ ಬಾಗದಿದ್ದರೆ ಜೆಟ್ ಪೂರ್ತಿ ಮೇಲೇರದೆ ಕಾರು ಸದಾ ಅರ್ಧ ಚೋಕಿನಲ್ಲೇ ಓಡುತ್ತದೆ. ಗ್ಯಾಸ್ಕೆಟ್ಟಿನ ತೂತುಗಳು ಸ್ಟಡ್ಡಿಗೆ ಸರಿಹೊಂದದೆ ಕತ್ತರಿಸಿ ಕೂರಿಸಬೇಕಾಯಿತು ಎಂಬುದು ಚಿಕ್ಕ ವಿಷಯ, ಬಿಡೋಣ.

ಎಸ್‌ಯು ಕಿಟ್‌ನಲ್ಲಿ ಸ್ಪಿಂಡಲ್ ಅಳತೆಗೆ ಸರಿಯಾಗಿತ್ತು, ಸೂಜಿಗಳ ಬುಡದಲ್ಲಿ ಗುರುತು ಸ್ಪಷ್ಟವಾಗಿತ್ತು, ಮುಂದಿನ ಮತ್ತು ಹಿಂದಿನ ಕಾರ್ಬುರೇಟರಿನ ಜೆಟ್‌ಗಳು ಬೇರೆ ಬೇರೆ ಎಂಬುದನ್ನು ಪೊಟ್ಟಣದಲ್ಲೇ ಗುರುತಿಸಿದ್ದರು. ಈ ಕೊನೆಯದು ಮುಖ್ಯ. ಎರಡು ಜೆಟ್‌ಗಳ ಕೊಳವೆಯ ಉದ್ದ ಒಂದೇ ಅಲ್ಲ, ಅದಲುಬದಲಾದರೆ ಒಂದು ಕಡೆ ಕೊಳವೆ ಎಳೆದುಕೊಳ್ಳುತ್ತದೆ, ಇನ್ನೊಂದು ಕಡೆ ಮಡಚಿಕೊಳ್ಳುತ್ತದೆ. ಕೊಳವೆಯನ್ನು ಫ್ಲೋಟ್ ಚೇಂಬರಿನ ತಳಕ್ಕೆ ಜೋಡಿಸುವಾಗ ಅದರ ತುದಿ ರಬ್ಬರ್ ಗ್ಲ್ಯಾಂಡಿನಿಂದ ಕನಿಷ್ಠ 3/16 ಇಂಚು ಆಚೆ ಚಾಚಿರಬೇಕು. ಇಲ್ಲವಾದರೆ ನಟ್ ಬಿಗಿದಂತೆ ಕಂಡರೂ ಪೆಟ್ರೋಲು ಜಿನುಗುತ್ತಲೇ ಇರುತ್ತದೆ.

ಜೋಡಿಸುವ ಕೆಲಸದಲ್ಲಿ ಥ್ರಾಟಲ್ ಡಿಸ್ಕಿನ ಎರಡು ಸ್ಕ್ರೂಗಳಿಗೆ ಕೊಟ್ಟಷ್ಟು ಗಮನವನ್ನು ಬೇರೆ ಯಾವುದಕ್ಕೂ ಕೊಡಬೇಕಾಗಿಲ್ಲ. ಹಿತ್ತಾಳೆಯ ಆ ಪುಟ್ಟ ಸ್ಕ್ರೂಗಳ ತುದಿ ಸೀಳಿರುತ್ತದೆ. ಡಿಸ್ಕಿನ ಅಂಚು ಓರೆಯಾಗಿ ಕಡಿದದ್ದಾದ್ದರಿಂದ ಅದನ್ನು ಸರಿಯಾದ ಮಗ್ಗುಲಿಗೆ ಕೂರಿಸಿ, ಸ್ಕ್ರೂ ಸಡಿಲವಿರುವಾಗಲೇ ಥ್ರಾಟಲನ್ನು ನಾಲ್ಕಾರು ಬಾರಿ ಪಟ್ಟನೆ ಮುಚ್ಚಿ ಡಿಸ್ಕ್ ತಾನಾಗಿ ನಡುವೆ ಕೂರುವಂತೆ ಮಾಡಿ, ಬೆಳಕಿಗೆ ಹಿಡಿದು ಅಂಚಿನಲ್ಲಿ ಸಂದಿಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಬಿಗಿದು ಸೀಳಿದ ತುದಿಯನ್ನು ಅಗಲಿಸಬೇಕು. ಅಗಲಿಸದೆ ಬಿಟ್ಟ ಸ್ಕ್ರೂ ಕಳಚಿದರೆ ನೇರ ಸಿಲಿಂಡರಿನೊಳಗೇ ಹೋಗುತ್ತದೆ. ಹಳೆಯ ಸ್ಕ್ರೂಗಳನ್ನು ಮತ್ತೆ ಹಾಕುವ ಉಳಿತಾಯ ಬೇಡ. ಕೆಲವು ಕಾರುಗಳ ಡಿಸ್ಕಿನಲ್ಲಿ ಹೊಗೆ ನಿಯಂತ್ರಣಕ್ಕೆಂದು ಸ್ಪ್ರಿಂಗ್ ಹಾಕಿದ ಸಣ್ಣ ವಾಲ್ವ್ ಇರುತ್ತದೆ. ಸ್ಪ್ರಿಂಗ್ ದುರ್ಬಲವಾದರೆ ಐಡ್ಲಿಂಗ್ ಇಳಿಯುವುದೇ ಇಲ್ಲ, ಹಾಗಾಗಿ ಬಹಳ ಮಂದಿ ಕಿಟ್ ಹಾಕುವಾಗ ಅದನ್ನು ತೆಗೆದು ಸಾದಾ ಡಿಸ್ಕ್ ಹಾಕಿಕೊಳ್ಳುತ್ತಾರೆ.

ಗಟ್ಟಿ ಸೂಜಿಯ ಮಾದರಿಯಲ್ಲಿ ಜೆಟ್ಟನ್ನು ಕೇಂದ್ರಕ್ಕೆ ತರುವ ಕೆಲಸವೂ ಇದೆ. ಪಿಸ್ಟನ್ ಎತ್ತಿ ಬಿಟ್ಟಾಗ ಅದು ತಡೆಯಿಲ್ಲದೆ ಇಳಿದು ಲೋಹಕ್ಕೆ ಲೋಹ ತಾಗುವ ಟಕ್ಕೆಂಬ ಸದ್ದು ಕೇಳಿಸಬೇಕು. ಇಲ್ಲಿ ಅವಸರ ಮಾಡಿದರೆ ಹೊಸ ಸೂಜಿ ಹೊಸ ಜೆಟ್ಟನ್ನೇ ಉಜ್ಜಿ ಕೆಡಿಸುತ್ತದೆ. ಮಿಕ್ಸ್ಚರ್ ನಟ್ಟನ್ನು ಮೇಲಿನ ತುದಿಯಿಂದ ಎರಡು ಪೂರ್ತಿ ಸುತ್ತು, ಅಂದರೆ ಹನ್ನೆರಡು ಮಗ್ಗುಲು ಕೆಳಗಿಳಿಸಿ ಆರಂಭಿಸಿದರೆ ಎಂಜಿನ್ ಚಾಲೂ ಆಗುತ್ತದೆ. ಬಿಸಿಯಾದ ಮೇಲೆ ಪಿಸ್ಟನ್ನನ್ನು ಒಂದು ಮಿಲಿಮೀಟರಿಗೂ ಕಡಿಮೆ ಎತ್ತಿ ನೋಡಬೇಕು: ವೇಗ ಏರಿ ಅಲ್ಲೇ ನಿಂತರೆ ಮಿಕ್ಸ್ಚರ್ ರಿಚ್ (ಪೆಟ್ರೋಲು ಹೆಚ್ಚು), ಕುಸಿದರೆ ಲೀನ್ (ಪೆಟ್ರೋಲು ಕಡಿಮೆ), ತುಸು ಏರಿ ಮೊದಲಿನಂತಾದರೆ ಸರಿ. ಎರಡು ಕಾರ್ಬುರೇಟರುಗಳ ಗಾಳಿಯನ್ನು ಸಮ ಮಾಡಲು ಮೀಟರ್ ಸಿಗುತ್ತದೆ, ರಬ್ಬರ್ ಕೊಳವೆಯ ಒಂದು ತುದಿ ಕಿವಿಗಿಟ್ಟು ಹಿಸ್ಸೆನ್ನುವ ಸದ್ದು ಹೋಲಿಸುವ ಹಳೆಯ ವಿಧಾನವೂ ಕೆಲಸ ಮಾಡುತ್ತದೆ. ಹೊಸ ಸ್ಪಿಂಡಲ್ ಮತ್ತು ಜೆಟ್ ಹಾಕಿದ ಮೇಲೆ ನಾನು ಗಮನಿಸಿದ ದೊಡ್ಡ ವ್ಯತ್ಯಾಸ ಪಿಕಪ್‌ನದಲ್ಲ, ಸಿಗ್ನಲಿನಲ್ಲಿ ನಿಂತಾಗಿನದು. ಐಡ್ಲಿಂಗ್ ಒಂದೇ ಸಮನೆ ನಿಂತಿತು.

ಇಷ್ಟಾದರೂ ಎಸ್‌ಯು ಕಿಟ್ ಬಗ್ಗೆ ಒಂದು ಆಕ್ಷೇಪ ಇದೆ. ಹೊಸ ಸ್ಪಿಂಡಲ್ ಕೊಟ್ಟರೆ ಸಮಸ್ಯೆಯ ಅರ್ಧ ಮಾತ್ರ ಪರಿಹಾರವಾಗುತ್ತದೆ. ಉಳಿದರ್ಧ ಇರುವುದು ಸವೆದ ಬಾಡಿಯಲ್ಲಿ, ಅದು ಯಾವ ಕಿಟ್‌ನಲ್ಲೂ ಬರುವುದಿಲ್ಲ. ಹೊಸ ಸ್ಪಿಂಡಲ್ ಕೂರಿಸಿದ ಮೇಲೂ ಮೇಲೆ ಕೆಳಗೆ ಅಲ್ಲಾಡುವುದು ಬೆರಳಿಗೆ ತಿಳಿಯುವಂತಿದ್ದರೆ ಬಾಡಿಯ ರಂಧ್ರವನ್ನು ದೊಡ್ಡದು ಮಾಡಿ ಬುಶ್ ಹಾಕಿ, ಎರಡೂ ಬದಿಯ ಬುಶ್ಶುಗಳನ್ನು ಒಂದೇ ನೇರದಲ್ಲಿ ರೀಮ್ ಮಾಡಬೇಕು. ಇದು ಕೈಡ್ರಿಲ್ಲಿನ ಕೆಲಸವಲ್ಲ. ಕಾರ್ಬುರೇಟರ್ ಬುಶ್ ಹಾಕಿ ಅನುಭವವಿರುವ ಲೇತ್ ಕೆಲಸಗಾರರಿಗೇ ಕೊಡಬೇಕು. ಕಿಟ್ ಮಾರುವವರು ಈ ಮಾತನ್ನು ಪೊಟ್ಟಣದ ಮೇಲೆ ಮುದ್ರಿಸಿದ್ದರೆ ಎಷ್ಟೋ ಜನರ ಹತಾಶೆ ತಪ್ಪುತ್ತಿತ್ತು. ಪಿಸ್ಟನ್ ಮತ್ತು ಅದರ ಚೇಂಬರ್ ಕೂಡ ಕಿಟ್‌ಗೆ ಸೇರುವುದಿಲ್ಲ. ಅವು ಕಾರ್ಖಾನೆಯಲ್ಲೇ ಒಂದಕ್ಕೊಂದು ಜೋಡಿಸಿದವು. ಶುಚಿಗೊಳಿಸುವಾಗ ಒಂದರ ಪಿಸ್ಟನ್ ಇನ್ನೊಂದರ ಚೇಂಬರಿಗೆ ಹೋಗದಂತೆ ಬೇರೆ ಬೇರೆ ತಟ್ಟೆಯಲ್ಲಿಡಬೇಕು, ಒಳಮೈಗೆ ಸ್ಯಾಂಡ್ ಪೇಪರ್ ತಾಕಿಸಲೇಬಾರದು. ಪಿಸ್ಟನ್ ಮೇಲಿನ ಸ್ಪ್ರಿಂಗಿಗೆ ಕೆಂಪು ಬಣ್ಣ ಬಳಿದಿರುತ್ತದೆ, ಎರಡಕ್ಕೂ ಅದೇ ಇದೆಯೇ ಎಂದು ನೋಡಿಕೊಳ್ಳಬೇಕು.

ಪೆಟ್ರೋಲಿಗೆ ಎಥನಾಲ್ ಬೆರೆಸುವ ಈ ಕಾಲದಲ್ಲಿ ಕಿಟ್ ಜೊತೆಗೆ ಎರಡು ವಸ್ತುಗಳನ್ನು ಪ್ರತ್ಯೇಕವಾಗಿ ತರಿಸಲೇಬೇಕು. ಒಂದು, ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವ ಪೆಟ್ರೋಲ್ ಹೋಸ್. ಹಳೆಯ ಬಗೆಯ ರಬ್ಬರ್ ಒಳಗಿನಿಂದ ಕರಗಿ ಅದರ ಕಪ್ಪು ಚೂರುಗಳು ಫ್ಲೋಟ್ ಸೂಜಿಯ ಸೀಟಿನಲ್ಲಿ ಕೂತು ಹೊಸ ವಾಲ್ವನ್ನೂ ಸೋರುವಂತೆ ಮಾಡುತ್ತವೆ. ಇನ್ನೊಂದು, ಮುಳುಗದ ಬಗೆಯ ಘನ ಫ್ಲೋಟ್. ಟೊಳ್ಳು ಫ್ಲೋಟ್ ಬಿರುಕು ಬಿಟ್ಟು ಪೆಟ್ರೋಲು ತುಂಬಿಕೊಂಡರೆ ಚೇಂಬರ್ ಉಕ್ಕುವುದನ್ನು ಯಾವ ಸೂಜಿಯೂ ತಡೆಯಲಾರದು. ಫ್ಲೋಟ್ ಸೂಜಿಯ ತುದಿ ಪೆಟ್ರೋಲನ್ನು ತಾಳಿಕೊಳ್ಳುವ ವಿಟಾನ್ ರಬ್ಬರಿನದಾಗಿರಬೇಕು ಎಂಬುದನ್ನು ಮಾರುವವರನ್ನು ಕೇಳಿಯೇ ತಿಳಿಯಬೇಕು.

ಎಚ್‌ಎಸ್4 ಬಾಡಿ ಸವೆಯದೆ ಜೆಟ್ ಮತ್ತು ಸೂಜಿ ಮಾತ್ರ ಹೋಗಿರುವ ಕಾರಿಗೆ ಎಸ್‌ಯು ಕಿಟ್ ಕೊಟ್ಟ ಹಣಕ್ಕೆ ಮೋಸವಿಲ್ಲದ ವಸ್ತು. ಸ್ಪಿಂಡಲ್ ಅಲ್ಲಾಡುತ್ತಿದ್ದರೆ ಕಿಟ್‌ನ ಬೆಲೆ, ಬುಶ್ ಹಾಕಿಸುವ ಕೂಲಿ, ಕಳುಹಿಸಿ ತರಿಸುವ ಖರ್ಚು ಮೂರನ್ನೂ ಕೂಡಿ, ಈಗಲೂ ಹೊಸದಾಗಿ ತಯಾರಾಗುವ ಎಚ್‌ಎಸ್4 ಜೋಡಿಯ ಬೆಲೆಯೊಂದಿಗೆ ಹೋಲಿಸಿ ನೋಡುವುದು ಜಾಣತನ. ಕಿತ್ತೆಸೆದು ಒಂದೇ ವೆಬರ್ ಕಾರ್ಬುರೇಟರ್ ಹಾಕಿಸಿ ಎನ್ನುವ ಸಲಹೆಗಾರರು ಎಲ್ಲೆಡೆ ಇದ್ದಾರೆ. ಆದರೆ ಅದಕ್ಕೆ ಮ್ಯಾನಿಫೋಲ್ಡು, ಏರ್ ಫಿಲ್ಟರು, ಥ್ರಾಟಲ್ ಕೇಬಲ್ಲು ಎಲ್ಲವನ್ನೂ ಬದಲಿಸಿ ಜೆಟ್ಟಿಂಗನ್ನು ಮೊದಲಿನಿಂದ ಮಾಡಬೇಕಾಗುತ್ತದೆ, ಸಾಮಾನ್ಯ ಓಡಾಟದ 1798 ಸಿಸಿ ಎಂಜಿನ್ನಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ಯಾವ ದಾರಿ ಹಿಡಿದರೂ ಎರಡು ಕಾರ್ಬುರೇಟರುಗಳ ನಡುವಿನ ಥ್ರಾಟಲ್ ಲಿಂಕೇಜ್ ಕ್ಲಿಪ್ಪುಗಳನ್ನೂ ಅದೇ ಆರ್ಡರಿನಲ್ಲಿ ಸೇರಿಸಿ. ಸವೆದ ಕ್ಲಿಪ್ ಇರುವವರೆಗೆ ಎಷ್ಟು ಟ್ಯೂನ್ ಮಾಡಿದರೂ ಎರಡು ಥ್ರಾಟಲುಗಳು ಒಟ್ಟಿಗೆ ತೆರೆಯುವುದಿಲ್ಲ, ಮತ್ತು ಕ್ಲಿಪ್ಪುಗಳು ಕಿಟ್‌ನಲ್ಲಿ ಇರಲಿಲ್ಲ.