ನಮ್ಮ ಕರಿಯನ ಸ್ವೆಟರ್‌ಗೆ ಐದರಲ್ಲಿ ಮೂರು ಸ್ಟಾರ್

ಮಡಿಕೇರಿಯ ಡಿಸೆಂಬರ್ ಚಳಿ ಪ್ರವಾಸಕ್ಕೆ ಬಂದವರಿಗೆ ಚಂದ. ಹನ್ನೊಂದು ವರ್ಷದ ನಮ್ಮ ನಾಯಿ ಕರಿಯನಿಗೆ ಕಾಟ. ಬೆಳಗ್ಗೆ ಏಳುವಾಗ ಹಿಂಗಾಲು ಬಿಗಿದು ಕುಸಿಯುತ್ತಾನೆ. (ಕಾಲುನೋವಿಗೆ ಮನೆಯ ಪ್ಯಾರಸಿಟಮಾಲ್ ಕೊಡಬೇಡಿ. ಬೆಕ್ಕಿಗಂತೂ ಅದು ವಿಷ.) ಅವನಿಗಾಗಿ ಆನ್‌ಲೈನಿನಲ್ಲಿ 749 ರೂಪಾಯಿಗೆ ಈ ಫ್ಲೀಸ್ ಸ್ವೆಟರ್ ತರಿಸಿದೆ.

ತಳಿ ನೋಡಿ ಸೈಜ್ ಆರಿಸಿ ಅಂತಾರೆ. ಬೀದಿಯಿಂದ ಬಂದ ನಾಯಿಗೆ ಯಾವ ತಳಿ ಅಂತ ಬರೆಯಲಿ? ಟೇಪ್ ಹಿಡಿದು ಕತ್ತಿನ ಬುಡದಿಂದ ಬಾಲದ ಬುಡದವರೆಗೆ ಅಳೆದೆ, ಆಮೇಲೆ ಎದೆಯ ಸುತ್ತಳತೆ. 68 ಸೆಂ.ಮೀ. ಎದೆಗೆ ಎಲ್ ಸೈಜ್ ಸರಿಹೋಯಿತು. ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು, ಇಲ್ಲದಿದ್ದರೆ ಕಂಕುಳಲ್ಲಿ ಉಜ್ಜುತ್ತದೆ.

ಬೆಚ್ಚಗಿದೆ, ಸುಳ್ಳು ಹೇಳಲ್ಲ. ಆದರೆ ಇಬ್ಬನಿ ಬಿದ್ದ ಹುಲ್ಲಿನಲ್ಲಿ ಒಂದು ಸುತ್ತು ಹೊಡೆದರೆ ಹೊಟ್ಟೆಯ ಭಾಗ ಪೂರ್ತಿ ಒದ್ದೆ. ಒದ್ದೆ ಬಟ್ಟೆಯಲ್ಲಿ ಚಳಿ ಇನ್ನೂ ಜಾಸ್ತಿ, ಅಲ್ವಾ? ಬಿಸಿಲಿಲ್ಲದಿದ್ದರೆ ಒಣಗಲು ಎರಡು ದಿನ. ವೆಲ್ಕ್ರೋ ಮೂರನೇ ವಾರಕ್ಕೇ ಕೈಕೊಟ್ಟಿತು. ಈಗ ನಾನೇ ಲಾಡಿ ಹೊಲಿದಿದ್ದೇನೆ.

ನಿಜ ಹೇಳಬೇಕೆಂದರೆ, ಸ್ವೆಟರ್‌ಗಿಂತ ಅವನಿಗೆ ಹೆಚ್ಚು ಹಿತ ಕೊಟ್ಟದ್ದು ನೆಲದಿಂದ ನಾಲ್ಕು ಇಂಚು ಎತ್ತರಿಸಿದ ಹಲಗೆ, ಮೇಲೆ ಎರಡು ಗೋಣಿಚೀಲ. ಖರ್ಚು ಸೊನ್ನೆ.

ಬೆಕ್ಕು ಚಿನ್ನಿ ಹಿಂದೆಲ್ಲ ಜೀಪಿನ ಬಿಸಿ ಎಂಜಿನ್ ಪಕ್ಕ ನುಸುಳಿ ಮಲಗುತ್ತಿದ್ದಳು. ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ತಟ್ಟುವುದು ನಮಗೆ ಅಭ್ಯಾಸ. ಈಗ ಅವಳ ವಾಸ ಸ್ವೆಟರ್ ಬಂದ ರಟ್ಟಿನ ಡಬ್ಬಿಯಲ್ಲಿ. ಡಬ್ಬಿಗೆ ಐದು ಸ್ಟಾರ್.