ಫ್ರೆಟ್ ಸೀಳಿನ ಜಿಗ್‌ಗಾಗಿ ಹುಬ್ಬಳ್ಳಿಯಲ್ಲಿ ಮಾಡಿಸಿದ ಅಕ್ರಿಲಿಕ್ ಪಟ್ಟಿ

ಗಿಟಾರ್‌ನ ಫಿಂಗರ್‌ಬೋರ್ಡಿನಲ್ಲಿ (ಬೆರಳು ಒತ್ತಿ ನುಡಿಸುವ ಮರದ ಪಟ್ಟಿ) ಫ್ರೆಟ್ (ಸ್ವರದ ಜಾಗ ಗೊತ್ತುಮಾಡುವ ಲೋಹದ ಅಡ್ಡಗೆರೆ) ಕೂರಿಸುವ ಸೀಳುಗಳನ್ನು ಕೊಯ್ಯಲು ಧಾರವಾಡದ ನಮ್ಮ ಮನೆಯಲ್ಲೇ ಒಂದು ಜಿಗ್, ಅಂದರೆ ಗರಗಸವನ್ನು ಸರಿಯಾದ ಜಾಗದಲ್ಲೇ ಆಡಿಸುವ ಚೌಕಟ್ಟು, ಮಾಡಿಕೊಂಡಿದ್ದೇನೆ. ಅದರ ಜೀವಾಳವಾದ ಅಳತೆಪಟ್ಟಿಯನ್ನು ಹುಬ್ಬಳ್ಳಿಯಲ್ಲಿ ನಾಮಫಲಕ ಮಾಡುವ ಒಂದು ಅಂಗಡಿಯವರು ಲೇಸರ್ ಯಂತ್ರದಲ್ಲಿ ಕತ್ತರಿಸಿಕೊಟ್ಟರು. ಎರಡು ಫಿಂಗರ್‌ಬೋರ್ಡ್ ಕೊಯ್ದು ಮುಗಿಸಿದ ಮೇಲೆ ಅವರ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ.

ಧಾರವಾಡ ಸಿತಾರ್ ವಾದಕ ರಹಿಮತ್ ಖಾನರು ನೆಲೆಸಿದ್ದ ಊರು, ಇಲ್ಲಿ ಸಿತಾರ್ ನೋಡಿ ಬೆಳೆದವರು ಬಹಳ. ಸಿತಾರಿನ ಪರದೆಗಳನ್ನು, ಅಂದರೆ ಅದರ ಫ್ರೆಟ್‌ಗಳನ್ನು, ದಂಡಿಗೆ ದಾರದಿಂದ ಕಟ್ಟಿರುತ್ತಾರೆ; ಸ್ವರ ತುಸು ತಪ್ಪಿದರೆ ಬೆರಳಿನಿಂದ ಸರಿಸಿ ಕೂರಿಸಬಹುದು. ಗಿಟಾರ್‌ನಲ್ಲಿ ಗರಗಸ ಒಮ್ಮೆ ಇಳಿದರೆ ಮುಗಿಯಿತು. ತಂತಿಯ ಉದ್ದ 648 ಮಿ.ಮೀ. ಇದ್ದರೆ, ಅದನ್ನು ಫ್ರೆಟ್ ಲೆಕ್ಕದ ಸ್ಥಿರ ಸಂಖ್ಯೆಯಾದ 17.817ರಿಂದ ಭಾಗಿಸಿದಾಗ ಬರುವಂತೆ, ನಟ್‌ನಿಂದ (ತಲೆಯ ಬದಿಯಲ್ಲಿ ತಂತಿಗಳು ಕೂರುವ ಪಟ್ಟಿ) 36.37 ಮಿ.ಮೀ. ದೂರದಲ್ಲಿ ಮೊದಲ ಫ್ರೆಟ್ ಕೂರುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸುತ್ತ ಹೋದರೆ 12ನೆಯದು ಸರಿಯಾಗಿ ಅರ್ಧಕ್ಕೆ, ಅಂದರೆ 324 ಮಿ.ಮೀ.ಗೆ ಬರುತ್ತದೆ. 21 ಮತ್ತು 22ನೆಯ ಫ್ರೆಟ್‌ಗಳ ನಡುವೆ ಉಳಿಯುವುದು ಸುಮಾರು 10.8 ಮಿ.ಮೀ. ಮಾತ್ರ. ಹೀಗಾಗಿ ನಟ್‌ನ ಹತ್ತಿರ ಕಿವಿಗೆ ಬೀಳದ ಅರ್ಧ ಮಿಲಿಮೀಟರ್ ತಪ್ಪು, ಮೇಲಿನ ಸ್ವರಗಳಲ್ಲಿ ಬೇಸೂರಾಗಿ ಕಾಡುತ್ತದೆ. ಸ್ಕೇಲ್ ಮತ್ತು ಪೆನ್ಸಿಲ್ ಹಿಡಿದು ಒಂದರಿಂದ ಮುಂದಿನದನ್ನು ಅಳೆಯುತ್ತ ಹೋದರೆ ಈ ತಪ್ಪು ಕೂಡುತ್ತಲೇ ಹೋಗುತ್ತದೆ.

ಜಿಗ್‌ನ ರಚನೆ ಸರಳ. 18 ಮಿ.ಮೀ. ಪ್ಲೈವುಡ್ ಹಲಗೆಯ ಮೇಲೆ ಎದುರುಬದುರಾಗಿ ಎರಡು ಸಾಗವಾನಿ ತುಂಡುಗಳಿದ್ದು, ಗರಗಸ ಅವುಗಳ ನಡುವೆ ಒಂದೇ ಜಾಗದಲ್ಲಿ ಆಡುತ್ತದೆ. ಅಕ್ರಿಲಿಕ್ ಪಟ್ಟಿಯ ಅಂಚಿನಲ್ಲಿ ಪ್ರತಿ ಫ್ರೆಟ್‌ಗೂ ಒಂದು ಕಚ್ಚು ಇದೆ. ಫಿಂಗರ್‌ಬೋರ್ಡನ್ನು ಡಬಲ್ ಸೈಡ್ ಟೇಪ್‌ನಿಂದ ಪಟ್ಟಿಗೆ ಅಂಟಿಸಿ, ಹಲಗೆಗೆ ನೆಟ್ಟ 3 ಮಿ.ಮೀ. ಪಿನ್ನಿಗೆ ಒಂದೊಂದೇ ಕಚ್ಚನ್ನು ಕೂರಿಸಿ ಕೊಯ್ಯಬೇಕು. ಪಿನ್ ಕೂತಾಗ ಸಣ್ಣ ಟಕ್ ಸದ್ದು ಕೇಳುತ್ತದೆ, ಪಟ್ಟಿ ಅತ್ತಿತ್ತ ಕದಲುವುದಿಲ್ಲ. ಅಷ್ಟು ಬಿಗಿಯಾಗಿ ಬಂದದ್ದು ಅಂಗಡಿಯವರ ಕಾಳಜಿಯಿಂದ: ಲೇಸರ್ ತಾನೂ ಸ್ವಲ್ಪ ಅಕ್ರಿಲಿಕ್ ತಿನ್ನುತ್ತದೆಂದು ತಿಳಿಸಿ, ಕಚ್ಚಿನ ಅಗಲವನ್ನು ಅವರೇ ಕಡಿಮೆ ಮಾಡಿಕೊಂಡರು.

ಮೊದಲ ಪಟ್ಟಿ ಮಾತ್ರ ಕೆಟ್ಟಿತ್ತು. ಮನೆಗೆ ತಂದು ಸ್ಟೀಲ್ ಸ್ಕೇಲ್ ಇಟ್ಟಾಗ 12ನೆಯ ಕಚ್ಚು 321 ಮಿ.ಮೀ.ಗೇ ಬಂದಿತ್ತು. ಮರುದಿನ ಒಯ್ದು ತೋರಿಸಿದೆ. ಅವರು ವಾದಕ್ಕಿಳಿಯದೆ ಕಂಪ್ಯೂಟರ್ ನೋಡಿ, "ನಿಮ್ಮ ಫೈಲ್ ಬರೋಬ್ಬರಿ ಐತ್ರಿ, ನಮ್ಮ ಕಡೆ ತೆರೆಯುವಾಗ ಅಳತಿ ಸಣ್ಣದಾಗೇತಿ" ಎಂದು ಒಪ್ಪಿಕೊಂಡು, ಬೇರೆ ಹಣ ಕೇಳದೆ ಹೊಸದನ್ನು ಕತ್ತರಿಸಿಕೊಟ್ಟರು. ಎರಡನೆಯದು 324ಕ್ಕೆ ಕೂದಲೆಳೆಯಷ್ಟೂ ತಪ್ಪಿಲ್ಲ. ಆ ಪ್ರಾಮಾಣಿಕತೆಗಾಗಿಯೇ ಅಂಗಡಿ ನನಗೆ ಹಿಡಿಸಿತು.

ಗರಗಸದಲ್ಲಿ ಉಳಿತಾಯ ಮಾಡಬಾರದು. ಫ್ರೆಟ್‌ನ ಬುಡ ಸುಮಾರು ಅರ್ಧ ಮಿ.ಮೀ. ದಪ್ಪವಿರುವುದರಿಂದ 0.6 ಮಿ.ಮೀ.ಗಿಂತ ಅಗಲ ಕೊಯ್ಯುವ ಗರಗಸದ ಸೀಳಿನಲ್ಲಿ ಅದು ಹಿಡಿದು ನಿಲ್ಲುವುದಿಲ್ಲ; ಮನೆಯಲ್ಲಿದ್ದ ಬಡಿಗೇರರ ಗರಗಸದಿಂದ ರದ್ದಿ ತುಂಡಿನಲ್ಲಿ ಕೊಯ್ದು ನೋಡಿದಾಗ ಫ್ರೆಟ್ ಬೆರಳಿನಿಂದಲೇ ಎದ್ದು ಬಂತು. ನನ್ನ ಜಿಗ್‌ನ ದೋಷವೆಂದರೆ, ಸಾಗವಾನಿ ತುಂಡುಗಳ ಸಂದು ಗರಗಸದ ತಿಕ್ಕಾಟಕ್ಕೆ ಸವೆದು, ಎರಡನೆಯ ಫಿಂಗರ್‌ಬೋರ್ಡಿನ ಕೊನೆಯ ಸೀಳುಗಳಲ್ಲಿ ಅಲುಗಾಟ ಕಂಡಿತು. ಆ ಜಾಗಕ್ಕೆ ಈಗ ಎರಡೂ ಬದಿ ಚಿಕ್ಕ ಬೇರಿಂಗ್ ಕೂರಿಸಿ, ಮೂಲೆಮಟ್ಟ (ಲಂಬಕೋನ ನೋಡುವ ಸಾಧನ) ಇಟ್ಟು ಪರೀಕ್ಷಿಸಿದ್ದೇನೆ.

ಇಂಥ ಪಟ್ಟಿ ಮಾಡಿಸುವವರು ನಕ್ಷೆಯಲ್ಲಿ 100 ಮಿ.ಮೀ. ಉದ್ದದ ಒಂದು ಗೆರೆಯನ್ನೂ ಸೇರಿಸಿ, ಅಂಗಡಿಯಲ್ಲೇ ಅದರ ಮೇಲೆ ಸ್ಕೇಲ್ ಇಟ್ಟು ನೋಡಿದ ಮೇಲೆ ಹಣ ಕೊಡಿ.