ರಾಮೊ ಅವರ ‘ತಂಬೂರೆಂ’: ಹಾರ್ಮೋನಿಯಂ ಕಲಿತ ಕೈಗೆ ಒಪ್ಪುತ್ತದೆಯೇ?

ಹೆಸರು ಕೇಳಿದ ಕೂಡಲೇ ಧಾರವಾಡದವರಿಗೆ ತಂಬೂರಿ ನೆನಪಾಗುತ್ತದೆ. ಇದು ಅದಲ್ಲ. ತಂಬೂರೆಂ ಎಂದರೆ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಉದ್ದನೆಯ ಡೋಲು. ಅದನ್ನು ಎಡತೋಳಿಗೆ ತೂಗುಹಾಕಿಕೊಂಡು, ಎಡಗೈಯಲ್ಲಿ ಮೂರು ತೂತಿನ ಪುಟ್ಟ ಕೊಳಲು ಹಿಡಿದು ಊದುತ್ತ, ಬಲಗೈಯ ಒಂದೇ ಕೋಲಿನಿಂದ ಬಾರಿಸುತ್ತಾರೆ. ಫ್ರೆಂಚ್ ಸಂಗೀತ ರಚನಕಾರ ಝಾನ್ ಫಿಲಿಪ್ ರಾಮೊ, ಪಿಯಾನೋಗಿಂತ ಹಳೆಯ ಕೀಲಿಮಣೆ ವಾದ್ಯವಾದ ಹಾರ್ಪ್ಸಿಕಾರ್ಡ್‌ಗೆ ಬರೆದ 1724ರ ಸಂಗ್ರಹದಲ್ಲಿ, ಇದೇ ಹೆಸರಿನ ಕೃತಿಯಲ್ಲಿ ಕೈಗಳನ್ನು ಅದಲುಬದಲು ಮಾಡಿದರು: ಕೊಳಲು ಬಲಗೈಗೆ, ಡೋಲು ಎಡಗೈಗೆ. ಒಂದೂವರೆ ನಿಮಿಷದ ಆಸುಪಾಸಿನ ಕುಣಿತ; ಈಗ ಪಿಯಾನೋದಲ್ಲೇ ಹೆಚ್ಚು ಕೇಳಿಸುತ್ತದೆ.

ಹಾರ್ಮೋನಿಯಂ ಬಲ್ಲವರಿಗೆ ಸ್ವರಗಳು ಪರಿಚಿತವೇ. ಷಡ್ಜ (ಸ) ಬಿಳಿ ಮೂರು, ಅಂದರೆ ಸಪ್ತಕದ ಮೂರನೇ ಬಿಳಿ ಕೀ (E); ಕರಿ ಮೂರು ಮತ್ತು ಕರಿ ಎರಡು ಬಂದು ಹೋಗುತ್ತವೆ, ಕೀರವಾಣಿ ರಾಗದ ನೆರಳು ಕಾಣುತ್ತದೆ. ಹಾಡಿನ ಮುಖಡಾದಂತೆ (ಪಲ್ಲವಿಯಂತೆ) ಮೊದಲ ಸಾಲು ಮತ್ತೆ ಮತ್ತೆ ಮರಳುತ್ತದೆ, ಹಾಗಾಗಿ ಬಾಯಿಪಾಠ ಬೇಗ ಆಗುತ್ತದೆ. ಟ್ರಿಲ್ (ಅಕ್ಕಪಕ್ಕದ ಎರಡು ಸ್ವರಗಳನ್ನು ಬೇಗ ಬೇಗ ಅದಲುಬದಲಾಗಿ ನುಡಿಸುವುದು) ಗುರುತು ಕಂಡಲ್ಲಿ ಮೇಲಿನ ಸ್ವರದಿಂದ ಶುರುಮಾಡಿ.

ತೊಡಕಿರುವುದು ಎಡಗೈಯಲ್ಲಿ. ವರ್ಷಗಟ್ಟಲೆ ಹಾರ್ಮೋನಿಯಂನ ಬಾತೆ (ಗಾಳಿ ತಿದಿ) ಒತ್ತಿದ ಆ ಕೈಯ ಬೆರಳಿಗೆ ಕೆಲಸವೇ ಇರಲಿಲ್ಲ. ಇಲ್ಲಿ ಷಡ್ಜವನ್ನು ಡೋಲಿನ ಪೆಟ್ಟಿನಂತೆ ಬಿಡದೆ ಮತ್ತೆ ಮತ್ತೆ ನುಡಿಸುತ್ತಿರಬೇಕು. ಹೆಚ್ಚಿನವರು ಮಣಿಕಟ್ಟು ಬಿಗಿ ಹಿಡಿದು ಮೇಲಿನಿಂದ ಹೊಡೆಯುತ್ತಾರೆ. ಮೊದಲ ಪುಟ ಮುಗಿಯುವಷ್ಟರಲ್ಲಿ ಮುಂಗೈ ಸೋಲುತ್ತದೆ, ಲಯ ಓಡುತ್ತದೆ. ಬೆರಳು ಕೀ ಮೇಲೆಯೇ ಕೂತಿರಲಿ, ಮಣಿಕಟ್ಟು ಸಡಿಲವಿರಲಿ, ಮಾತ್ರೆಯ ಮೊದಲ ಪೆಟ್ಟಿಗಷ್ಟೇ ತುಸು ಭಾರ ಬೀಳಲಿ. ಮೆಟ್ರೋನೋಮ್ (ಲಯ ತೋರುವ ಯಂತ್ರ) ನಿಮಿಷಕ್ಕೆ 60 ಪೆಟ್ಟಿಗೆ ಇಟ್ಟು ಎಡಗೈ ಒಂದನ್ನೇ ನುಡಿಸಿ. ನೋವಿಲ್ಲದೆ ಕೊನೆ ಮುಟ್ಟಿದ ಮೇಲೆ ಬಲಗೈ ಸೇರಿಸಿ, ವೇಗವನ್ನು ನಾಲ್ಕು ನಾಲ್ಕರಂತೆ ಏರಿಸಿ. ಬಲಗೈ ಓಟ ನೋಡಿ ಕೃತಿ ಬಂತು ಎಂದುಕೊಳ್ಳಬೇಡಿ.

ಹಕ್ಕುಸ್ವಾಮ್ಯ ಮುಗಿದು ಕಾಲವಾಯಿತು, ಸ್ವರಲಿಪಿ ಉಚಿತವಾಗಿ ಸಿಗುತ್ತದೆ. ಹಾಳೆ ತಿರುವಲು ಎರಡೂ ಕೈಗೆ ಪುರಸೊತ್ತಿಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಎ3 ಹಾಳೆಯ ಒಂದೇ ಮಗ್ಗುಲಿಗೆ ಎಲ್ಲ ಪುಟ ಹಾಕಿಸಿ. ಪಿಯಾನೋ ವಾದಕ ಗೊಡೋವ್‌ಸ್ಕಿಯ ಹೆಸರಿದ್ದರೆ ಅದು ಹಲವು ಸ್ವರ ಒಟ್ಟಿಗೆ ಒತ್ತುವ ದಪ್ಪ ಸ್ವರಗುಚ್ಛಗಳ (chord) ಕಛೇರಿ ರೂಪಾಂತರ, ಕಲಿಯುವವರಿಗಲ್ಲ. ಜೋರು–ಮೆಲ್ಲಗೆ ಎಂಬ ಗುರುತುಗಳು ನಂತರದ ಸಂಪಾದಕರವು. ಹಾರ್ಪ್ಸಿಕಾರ್ಡಿನಲ್ಲಿ ಬೆರಳ ಒತ್ತಡದಿಂದ ದನಿ ಏರಿಳಿಯುವುದಿಲ್ಲ, ಆದ್ದರಿಂದ ಅವನ್ನು ಬಿಟ್ಟರೂ ನಷ್ಟವಿಲ್ಲ.

61 ಕೀಗಳ ಎಲೆಕ್ಟ್ರಾನಿಕ್ ಕೀಬೋರ್ಡ್ ಸಾಕು. ಟ್ರಾನ್ಸ್‌ಪೋಸ್ (ಶ್ರುತಿ ಬದಲಿಸುವ ಗುಂಡಿ) ಸೊನ್ನೆಗಿರಲಿ, ರಿವರ್ಬ್ (ಮಾರ್ದನಿ) ತೆಗೆಯಿರಿ, ಸ್ವರ ಎಳೆಯುವ ಪೆಡಲ್ ಮುಟ್ಟಲೇಬೇಡಿ. ಡೋಲಿನ ಪೆಟ್ಟುಗಳು ಒಂದಕ್ಕೊಂದು ಅಂಟಿಕೊಂಡರೆ ಕುಣಿತ ಅಲ್ಲಿಗೇ ಸತ್ತಿತು. ಹುಬ್ಬಳ್ಳಿಯಲ್ಲಿ ಹೊಸದು ಕೊಳ್ಳುವವರು ದುಡ್ಡು ಕೊಡುವ ಮೊದಲು ಕೆಳಸಪ್ತಕದ ಬಿಳಿ ಮೂರನ್ನು ಒಂದೇ ಬೆರಳಲ್ಲಿ ಬೇಗ ಬೇಗ ಹದಿನಾರು ಸಲ ಒತ್ತಿ ಎಣಿಸಿ. ಕೀ ಪೂರ್ತಿ ಮೇಲೇಳುವುದರೊಳಗೆ ಮುಂದಿನ ಒತ್ತು ಬಿದ್ದು ಸ್ವರ ನುಂಗಿಹೋಗುತ್ತಿದ್ದರೆ, ಅದನ್ನು ಬಿಟ್ಟು ಪಕ್ಕದ್ದನ್ನು ನೋಡಿ.